ಡೆಲ್ಫಿನಾ ಬಸ್ಸಿನಿಂದ ಇಳಿಸಿದವಳು

ಡೆಲ್ಫಿನಾ ಟೆಲೆಸ್‌ಫರ್ಡ್ ಕಲ್ಲು ಮನಸ್ಸಿನವಳು ಎಂದು ಸೇಂಟ್ ಜಾರ್ಜಸ್ ಬಸ್ ನಿಲ್ದಾಣದಲ್ಲಿ ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಅವರ ಬಾಯಿ ಮುಚ್ಚಿಸಲೆಂದೇ ನಾನಿದ್ದೇನೆ. ಹದಿಮೂರು ವರ್ಷ ಅವಳ ಬಸ್ಸಿನ ಬಾಗಿಲು ಎಳೆದ ಕಂಡಕ್ಟರ್ ನಾನು, ಲಿನಸ್. ಕಟ್ಟಿಕೊಂಡ ಹೆಂಡತಿಯ ಬೈಗುಳಕ್ಕಿಂತ ಅವಳ ಬೈಗುಳವನ್ನೇ ಹೆಚ್ಚು ಕೇಳಿದ್ದೇನೆ. ಆ ಶನಿವಾರ ನಡೆದದ್ದರಲ್ಲಿ ಅವಳ ಪಾಲೆಷ್ಟು, ನನ್ನ ಪಾಲೆಷ್ಟು, ದೊಡ್ಡ ಕುರ್ಚಿಯಲ್ಲಿ ಕೂತವರ ಪಾಲೆಷ್ಟು ಎಂದು ನನಗೆ ಗೊತ್ತು. ಹೇಳುವಾಗ ಸಿಟ್ಟು ಬರುತ್ತದೆ, ಬರಲಿ.

ಡೆಲ್ಫಿನಾ ವಿಕ್ಟೋರಿಯಾ ಊರಿನವಳು. ಇಪ್ಪತ್ತು ವರ್ಷ ಗ್ವಾವ್‌ನ ಜಾಯಿಕಾಯಿ ಮಂಡಿಯಲ್ಲಿ ಬೆನ್ನು ಬಾಗಿಸಿ ಕಾಯಿ ಆರಿಸಿದಳು. ಆಮೇಲೆ ಚಂಡಮಾರುತ ಬಂದು ದ್ವೀಪದ ಮರಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮಲಗಿಸಿಬಿಟ್ಟಿತು. ಆರಿಸಲು ಕಾಯಿಯೇ ಇಲ್ಲ. ಆಗ ಅವಳಿಗೆ ನಲವತ್ತೊಂದು. ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟಾಗ ಗಂಡಸರು ನಕ್ಕರು, ನಾನೂ ನಕ್ಕೆ. ಕಾಲ ಕಳೆದು ಅವಳದೇ ಒಂದು ಬಸ್ಸಾದ ಮೇಲೆ, ನಕ್ಕವರಲ್ಲಿ ಕೆಲಸ ಕೇಳಿಕೊಂಡು ಹೋದವನು ನಾನೇ.

ಐದನೇ ನಂಬರ್ ರೂಟು ನಮ್ಮದು. ಸಮುದ್ರದ ಬದಿಯಲ್ಲೇ ಉತ್ತರಕ್ಕೆ ಕಾಂಕರ್ಡ್, ಗ್ರಾಂಡ್ ರಾಯ್, ಗ್ವಾವ್, ವಿಕ್ಟೋರಿಯಾ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಹದಿನೈದು ಸೀಟಿನ ಹಳದಿ ವ್ಯಾನು, ಕಿಟಕಿಗೆ ಅವಳೇ ಹೊಲಿದ ಹೂವಿನ ಪರದೆ. ಆ ಬಸ್ಸಿನಲ್ಲಿ ಜನ ಮಾತ್ರ ಹೋಗುತ್ತಿದ್ದರು ಅಂದುಕೊಳ್ಳಬೇಡಿ. ಒಬ್ಬರ ಬೀಗದ ಕೈ, ಇನ್ನೊಬ್ಬರ ಮೀನಿನ ಚೀಲ, ಗ್ರಾಂಡ್ ರಾಯ್‌ನ ಟಾಂಟಿ ಯುಲಾಲಿಯ ರಕ್ತದೊತ್ತಡದ ಮಾತ್ರೆ, ಎಲ್ಲವೂ ಡೆಲ್ಫಿನಾಳ ಸೀಟಿನ ಪಕ್ಕದಲ್ಲೇ. ಟಾಂಟಿ ಎಂದರೆ ನಮ್ಮಲ್ಲಿ ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಆಯಿತು. ಮಂಡಿ ನೋವಿನ ಆ ಮುದುಕಿಗೆ ತಿಂಗಳ ಮಾತ್ರೆ ಕೊಡಲು ಬಸ್ಸು ನಿಲ್ಲಿಸಿ, ನುಂಗುವವರೆಗೂ ಗದರಿಸಿ, ಆಮೇಲೆ ಗೇರ್ ಹಾಕುವವಳು ಇವಳು. ಇವಳು ಕಲ್ಲು ಮನಸ್ಸಿನವಳಂತೆ!

ಅವಳಲ್ಲಿ ಒಂದು ಕಟ್ಟಳೆ ಮಾತ್ರ ಬಿಗಿ. ಹತ್ತಿದವರು ಗುಡ್ ಮಾರ್ನಿಂಗ್ ಅನ್ನಬೇಕು. ನಮ್ಮ ದ್ವೀಪದಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ, ನಡೆಯಲು ಕಲಿಯುವಾಗಲೇ ಬಂದಿರುತ್ತದೆ. ಬಸ್ಸಿನೊಳಗೆ ತಲೆ ಹಾಕಿದವರು ಕೂತವರಿಗೆಲ್ಲ ಸೇರಿಸಿ ಒಂದು ಗುಡ್ ಮಾರ್ನಿಂಗ್ ಹೇಳಬೇಕು, ಕೂತವರೆಲ್ಲ ಸೇರಿ ಒಂದು ವಾಪಸ್ಸು ಕೊಡಬೇಕು. ಬೇರೆ ಡ್ರೈವರುಗಳು ಹಾಡಿನ ಅಬ್ಬರದಲ್ಲಿ ಅದು ಬಂತೋ ಬಿಟ್ಟಿತೋ ಕೇಳಿಸಿಕೊಳ್ಳುವುದಿಲ್ಲ. ಡೆಲ್ಫಿನಾ ಕನ್ನಡಿಯಲ್ಲಿ ಒಂದು ನೋಟ ಬಿಟ್ಟು ಎಂಜಿನ್ ಆರಿಸಿಬಿಡುತ್ತಿದ್ದಳು. ಒಮ್ಮೆ ಪೊಲೀಸ್ ಸಾರ್ಜೆಂಟೊಬ್ಬ ಬಿಗುಮಾನದಿಂದ ಹತ್ತಿ ಕೂತ. ಐದು ನಿಮಿಷ ಬಸ್ಸು ಮಿಸುಕಲಿಲ್ಲ. ಕೊನೆಗೆ ಹಿಂದಿನ ಸೀಟಿನ ಅಜ್ಜಿ, “ಬಾಯಿ ಬಿಡಪ್ಪ ಮಗಾ, ಒಲೆ ಮೇಲೆ ಕಾಳು ಸೀದು ಹೋಗ್ತಿದೆ” ಅಂದಳು. ಸಾರ್ಜೆಂಟ್ ಬಾಯಿ ಬಿಟ್ಟ, ನಾವು ಹೊರಟೆವು.

ನಮ್ಮ ಬಸ್ ನಿಲ್ದಾಣಕ್ಕೂ ಹಡಗುಕಟ್ಟೆಗೂ ನಡುವೆ ಒಂದು ಗೋಡೆಯಷ್ಟೇ. ಪ್ರವಾಸಿಗರ ಸುಗ್ಗಿಯಲ್ಲಿ ವಾರಕ್ಕೆ ನಾಲ್ಕು ದೊಡ್ಡ ಹಡಗು, ಒಂದೊಂದರಲ್ಲೂ ಮೂರು ಸಾವಿರ ಜನ. ಬೆಳಿಗ್ಗೆ ಇಳಿದು ಸಂಜೆಯೊಳಗೆ ಹತ್ತುವವರು. ಎಲ್ಲರ ಕೊರಳಲ್ಲೂ ಬಣ್ಣದ ಪಟ್ಟಿ, ಅದರ ತುದಿಗೆ ಹಡಗಿನ ಚೀಟಿ. ಗೇಟಿನಲ್ಲಿ ಟ್ಯಾಕ್ಸಿಯವರು ತಲೆಗೆ ಮೂವತ್ತು ಅಮೆರಿಕನ್ ಡಾಲರ್ ಅನ್ನುತ್ತಾರೆ. ನಮ್ಮ ಬಸ್ಸಿನಲ್ಲಿ ಕಾಂಕರ್ಡ್ ಜಲಪಾತದ ತಿರುವಿಗೆ ನಮ್ಮ ದುಡ್ಡಿನಲ್ಲಿ ನಾಲ್ಕು ಡಾಲರ್, ಅಮೆರಿಕದ ಲೆಕ್ಕದಲ್ಲಿ ಒಂದೂವರೆಯೂ ಆಗುವುದಿಲ್ಲ. ಇಷ್ಟು ಹೇಳಿದರೆ ಜಗಳ ಎಲ್ಲಿ ಹುಟ್ಟಿತು ಎಂದು ನಿಮಗೇ ಗೊತ್ತಾಗುತ್ತದೆ.

ಮೂರು ವರ್ಷದ ಹಿಂದೆ ಒಬ್ಬ ಕೆನಡಾದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ಬಸ್ಸು ಹತ್ತಿದ. ಗುಡ್ ಮಾರ್ನಿಂಗ್ ಅಂದ, ಪಾಪ, ಯಾರಿಂದಲೋ ಕಲಿತು ಬಂದಿದ್ದ. ಡೆಲ್ಫಿನಾಳಿಗೆ ಖುಷಿಯಾಗಿ ಅವರನ್ನು ಜಲಪಾತದವರೆಗೂ ಬಿಟ್ಟಳು. ವಾಪಸ್ಸು ಬರುವಾಗ ಅವಳ ತಂಗಿಯ ಹಿತ್ತಲಲ್ಲಿ ಆಯಿಲ್ ಡೌನ್ ಬೇಯುತ್ತಿತ್ತು. ದೀವಿಹಲಸು, ಕೆಸುವಿನ ಎಲೆ, ಉಪ್ಪು ಮಾಂಸ, ತೆಂಗಿನ ಹಾಲು ಎಲ್ಲ ಒಂದೇ ಪಾತ್ರೆಗೆ ಹಾಕಿ ಹಾಲು ಇಂಗುವವರೆಗೆ ಬೇಯಿಸುವ ಅಡುಗೆ ಅದು. ಹಿತ್ತಲಿಗೆ ಬಂದವರಿಗೆ ಬಡಿಸದೆ ಕಳಿಸುವುದುಂಟೇ? ಬಡಿಸಿದರು. ಆ ಮಹಾನುಭಾವ ಊರಿಗೆ ಹೋಗಿ ಇಂಟರ್‌ನೆಟ್ಟಿನಲ್ಲಿ ಬರೆದ: ಟ್ಯಾಕ್ಸಿಯವರ ಕೈಗೆ ಸಿಕ್ಕಿಬೀಳಬೇಡಿ, ಹಳದಿ ಬಸ್ಸಿನ ಡೆಲ್ಫಿನಾಳನ್ನು ಕೇಳಿ, ಒಂದು ಕಾಫಿಯ ದುಡ್ಡಿಗೆ ಇಡೀ ದ್ವೀಪ, ಊಟವೂ ಸೇರಿ. ಹೊಗಳಿದ್ದೇನೆಂದೇ ತಿಳಿದಿರಬೇಕು, ದಡ್ಡ. ಪ್ರೀತಿಯಿಂದ ಹಾಕಿದ ಅನ್ನವನ್ನು ಟಿಕೆಟ್ಟಿಗೆ ಸೇರಿಸಿ ಬರೆದನಲ್ಲ, ಅವನ ಬುದ್ಧಿಗಿಷ್ಟು! ಮುಂದಿನ ಹಡಗಿನಿಂದ ಜನ ಅದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು, ಊಟ ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಕೇಳಿದರು.

ಟ್ಯಾಕ್ಸಿಯವರ ಮುಖಂಡ ಕಾರ್ಲಿಸ್ ಆ ಬರಹವನ್ನು ಕಾಗದಕ್ಕಿಳಿಸಿ ಕಮಿಟಿಯ ಮುಂದಿಟ್ಟ. ಬಸ್ ಪರ್ಮಿಟ್ಟು ಕೊಡುವ, ಕಿತ್ತುಕೊಳ್ಳುವ ಕಮಿಟಿ. ಡೆಲ್ಫಿನಾಳನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿದರು. ಅಷ್ಟಕ್ಕೇ ಬಿಟ್ಟರೇ? ಕೊರಳಲ್ಲಿ ಹಡಗಿನ ಚೀಟಿ ಇರುವ ಯಾರನ್ನೂ ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಐದನೇ ನಂಬರಿನ ಅಷ್ಟೂ ಡ್ರೈವರುಗಳಿಂದ ಸಹಿ ಹಾಕಿಸಿಕೊಂಡರು. ಡೆಲ್ಫಿನಾಳಿಗೆ ಬೇರೆ ಎಚ್ಚರಿಕೆ: ಇನ್ನೊಂದು ಸಲ ಆದರೆ ಪರ್ಮಿಟ್ಟು ಮರೆತುಬಿಡು. ಅವಳು ಕಾಗದವನ್ನು ಮೂರು ಸಲ ಓದಿದಳು. ಬಸ್ಸು ನಿಂತಿರುವುದೇ ಹತ್ತುವವರಿಗೆ, ಹತ್ತಬೇಡ ಅನ್ನಲು ತನ್ನ ಬಾಯಿ ಬರುವುದಿಲ್ಲ ಎಂದಳು. ನಾನೇ ಬುದ್ಧಿ ಹೇಳಿದೆ. “ನಿನ್ನ ಬಾಯಿ ಬರದಿದ್ರೆ ನನ್ನ ಬಾಯಿ ಇದೆಯಲ್ಲ ಡೆಲ್ಫಿನಾ, ಹಾಕು ಸಹಿ” ಅಂದೆ. ಹಾಕಿದಳು.

ಆ ಶನಿವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬಿಳಿ ಹಡಗೊಂದು ಬಂದು ನಿಂತಿತ್ತು. ಒಂಬತ್ತೂವರೆಗೆ ನಮ್ಮ ಬಸ್ಸು ಮುಕ್ಕಾಲು ತುಂಬಿದಾಗ ಮೂರು ಮಕ್ಕಳು ದಡದಡನೆ ಹತ್ತಿದವು. ದೊಡ್ಡ ಹುಡುಗರಿಬ್ಬರು ಅಮೆರಿಕದ ಧಾಟಿಯಲ್ಲಿ ಕಿಟಕಿ ಸೀಟಿಗೆ ಕಿತ್ತಾಡುತ್ತಿದ್ದರು. ಐದು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ಗೊಂಬೆ ಹಿಡಿದಿದ್ದಳು. ಹಿಂದಿನಿಂದ ತಾಯಿ, ನಲವತ್ತರ ಆಸುಪಾಸು, ತಲೆಗೆ ದೊಡ್ಡ ಟೋಪಿ, ಕಪ್ಪು ಕನ್ನಡಕ. ನಾಲ್ವರ ಕೊರಳಲ್ಲೂ ನೀಲಿ ಪಟ್ಟಿ, ಚೀಟಿ. ಒಬ್ಬರ ಬಾಯಿಂದಲೂ ಗುಡ್ ಮಾರ್ನಿಂಗ್ ಇಲ್ಲ. ತಾಯಿ ಸೀಟಿನ ಅಂಚು ಹಿಡಿದುಕೊಂಡು ಬಸ್ಸಿನೊಳಗೆ ಒಮ್ಮೆ ಕಣ್ಣಾಡಿಸಿ ಸುಮ್ಮನೆ ಕೂತಳು.

ಹಡಗಿನ ಚೀಟಿ ಇದೆಯಮ್ಮ, ಇಳಿಯಬೇಕು ಎಂದು ನಾನು ಹೇಳಿದೆ. ಆ ಹೆಂಗಸು ನನ್ನನ್ನು ನೋಡಲಿಲ್ಲ. ಕನ್ನಡಿಯಲ್ಲಿ ಡೆಲ್ಫಿನಾಳನ್ನು ನೋಡಿದಳು, ಏನೋ ಹೇಳುವವಳಂತೆ ತುಟಿ ತೆರೆದಳು. ಆಚೆ ಗೋಡೆಯ ಹತ್ತಿರ ಕಾರ್ಲಿಸ್ ಕೈಕಟ್ಟಿ ನಮ್ಮ ಬಸ್ಸನ್ನೇ ನೋಡುತ್ತ ನಿಂತಿದ್ದ. ಡೆಲ್ಫಿನಾ ತಿರುಗದೆ ಅಂದಳು, “ಹಡಗಿನವ್ರಿಗೆ ಟ್ಯಾಕ್ಸಿ ಇದೆ. ಇದು ಊರಿನವ್ರ ಬಸ್ಸು.” ಹೆಂಗಸು ತುಟಿ ಮುಚ್ಚಿಕೊಂಡಳು. ಚಿಕ್ಕವಳನ್ನು ಎತ್ತಿಕೊಂಡು, ಹುಡುಗರನ್ನು ಮುಂದೆ ತಳ್ಳಿಕೊಂಡು ಇಳಿದಳು. ನಾನು ಬಾಗಿಲು ಎಳೆದೆ.

ಹತ್ತೂಕಾಲಿಗೆ ಗ್ರಾಂಡ್ ರಾಯ್ ದಾಟುವಾಗ ಟಾಂಟಿ ಯುಲಾಲಿ ಗೇಟಿನಲ್ಲಿ ನಿಂತಿದ್ದರು. ಭಾನುವಾರ ಇಗರ್ಜಿಗೆ ಹಾಕುವ ಟೋಪಿ, ನೇರಳೆ ಬಣ್ಣದ ಫ್ರಾಕು, ಅದೂ ಶನಿವಾರ! ಮುದುಕಿಗೆ ವಾರ ಮರೆತುಹೋಯಿತೇನೋ ಎಂದು ನಾನು ತಮಾಷೆ ಮಾಡಿದೆ. ಅವರು ಬಸ್ಸಿನ ಒಂದೊಂದು ಕಿಟಕಿಯನ್ನೂ ನೋಡಿ ಕೈ ಬೀಸಿದರು, ಡೆಲ್ಫಿನಾ ಹಾರ್ನ್ ಹೊಡೆದಳು. ವಾಪಸ್ಸು ಬರುವಾಗಲೂ ಅಲ್ಲೇ ಇದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಹೋದಾಗ ಗೇಟು ಬಿಟ್ಟು ರಸ್ತೆಯ ಅಂಚಿಗೆ ಬಂದು, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಆಗಲಾದರೂ ನಿಲ್ಲಿಸಿ ಕೇಳಬೇಕಿತ್ತು. ಬಸ್ಸು ತುಂಬಿತ್ತು, ಕೇಳಲಿಲ್ಲ.

ಒಂದೂ ಮುಕ್ಕಾಲಿಗೆ ಮೂರನೇ ಸಲ ಮೇಲಕ್ಕೆ ಹೋಗುವಾಗ ಟಾಂಟಿ ರಸ್ತೆಯ ನಡುವೆಯೇ ನಿಂತು ಎರಡೂ ಕೈ ಅಡ್ಡ ಹಿಡಿದರು. ಬ್ರೇಕಿಗೆ ಮೀನು ಮಾರುವವಳ ಬುಟ್ಟಿ ನನ್ನ ಕಾಲ ಮೇಲೆ ಬಿತ್ತು. ಟಾಂಟಿ ಕಿಟಕಿಯ ಹತ್ತಿರ ಬಂದು, ಮೂರು ಮಕ್ಕಳಿರುವ ಹೆಂಗಸೊಬ್ಬಳು ಬೆಳಿಗ್ಗೆ ನಿಮ್ಮ ಬಸ್ಸು ಹತ್ತಲಿಲ್ಲವೇ ಎಂದು ಕೇಳಿದರು. ಅವರ ಮಗಳು ಮಾರ್ವಾ. ಹತ್ತೊಂಬತ್ತು ವರ್ಷದ ಹಿಂದೆ ಬ್ರೂಕ್ಲಿನ್‌ಗೆ ಹೋದವಳು. ಬೇರೆಯವರ ಮನೆಯ ಮುದುಕರನ್ನು ಎತ್ತಿ ಇಳಿಸಿ, ಮೀಯಿಸಿ ದುಡಿಯುತ್ತಾಳೆ. ಎರಡು ಸಲ ಬರುತ್ತೇನೆಂದಳು. ಎರಡು ಸಲವೂ ಟಾಂಟಿ ಊರಿಗೆಲ್ಲ ಹೇಳಿ ಮನೆಗೆ ಬಣ್ಣ ಹೊಡೆಸಿದರು. ಒಮ್ಮೆ ಅವಳ ಕಾಗದಪತ್ರ ಆಗಲಿಲ್ಲ, ಇನ್ನೊಮ್ಮೆ ವಿಮಾನದ ಟಿಕೆಟ್ಟು ಕೈಗೆಟುಕಲಿಲ್ಲ. ಊರವರು ನಕ್ಕರು. ಅದಕ್ಕೇ ಈ ಸಲ ಯಾರಿಗೂ ಹೇಳದೆ ಬಾಯಿ ಹೊಲಿದುಕೊಂಡಿದ್ದರು. ನಾಲ್ಕು ವಿಮಾನದ ಟಿಕೆಟ್ಟಿಗಿಂತ ಹಡಗಿನ ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಅಗ್ಗಕ್ಕೆ ಸಿಕ್ಕಿತ್ತಂತೆ. ಏಳು ದಿನದ ಯಾನದಲ್ಲಿ ಏಳೇ ಗಂಟೆ ನಮ್ಮ ದ್ವೀಪ. ಅಷ್ಟಾದರೂ ಅಜ್ಜಿಯ ಮನೆ ನೋಡಲಿ ಎಂದು ಮಕ್ಕಳನ್ನು ಕರೆತರುತ್ತಿದ್ದಳು. ಅವಳ ಫೋನು ಇಲ್ಲಿ ಕೆಲಸ ಮಾಡುವುದಿಲ್ಲ. ಐದನೇ ನಂಬರ್ ಹತ್ತು, ನಾನು ಗೇಟಿನಲ್ಲಿರುತ್ತೇನೆ ಎಂದು ಹೋದ ವಾರವೇ ಮಾತಾಗಿತ್ತು.

ನಾನು ತಲೆ ತಗ್ಗಿಸಿದೆ. ಡೆಲ್ಫಿನಾ ಎಂಜಿನ್ ಆರಿಸಿ, ಕೆಳಗಿಳಿದು ಟಾಂಟಿಯ ಎದುರು ನಿಂತಳು.

“ಹತ್ತಿದ್ಲು ಟಾಂಟಿ. ನಾನೇ ಇಳಿಸ್ಬಿಟ್ಟೆ.”

“ಯಾಕೆ?”

“ಕೊರಳಲ್ಲಿ ಹಡಗಿನ ಚೀಟಿ ಇತ್ತು.”

“ಬರೋಕೆ ಅವಳಿಗೆ ಬೇರೆ ದಾರಿ ಇರ್ಲಿಲ್ಲ ಕಣೇ” ಅಂದರು ಟಾಂಟಿ.

ಬೈದಿದ್ದರೆ ಚೆನ್ನಾಗಿತ್ತು. ಇಬ್ಬರ ಕೆನ್ನೆಗೂ ಒಂದೊಂದು ಬಾರಿಸಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ. ಅವರು ಗೇಟಿನ ಕಂಬ ಹಿಡಿದುಕೊಂಡು, ಹಡಗು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಮಾತ್ರ ಕೇಳಿದರು. ಮೂರೂವರೆಗೆ ಎಲ್ಲರೂ ಒಳಗಿರಬೇಕು. ಗಂಟೆ ಎರಡಾಗುತ್ತ ಬಂದಿತ್ತು.

ಡೆಲ್ಫಿನಾ ಬಸ್ಸಿನ ಬಾಗಿಲಿಗೆ ಬಂದು ಕೂತವರಿಗೆ ಹೇಳಿದಳು: ಬಸ್ಸು ತಿರುಗಿಸಿ ಪೇಟೆಗೆ ಹೋಗುತ್ತಿದ್ದೇನೆ, ಈ ತಾಯಿಗೆ ಮಗಳನ್ನು ತೋರಿಸಬೇಕು, ಗ್ವಾವ್‌ಗೆ ಹೋಗಲೇಬೇಕಾದವರು ತಟ್ಟಿ, ದುಡ್ಡು ವಾಪಸ್ಸು ಕೊಡುತ್ತೇನೆ. ಇಳಿಯಬೇಕಾದವರು ನಮ್ಮಲ್ಲಿ ಬೆರಳ ಗೆಣ್ಣಿನಿಂದ ಬಸ್ಸಿನ ಮೈ ತಟ್ಟುತ್ತಾರೆ. ಹನ್ನೊಂದು ಜನರಿದ್ದರು. ಮೀನಿನವಳು ತನ್ನ ಮೀನು ಹಾಳಾಗುತ್ತದೆಂದು ಗೊಣಗಿದಳು, ಹಾಗೆ ಗೊಣಗುತ್ತಲೇ ಟಾಂಟಿಗೆ ಜಾಗ ಬಿಟ್ಟು ಸರಿದಳು. ಯಾರೂ ತಟ್ಟಲಿಲ್ಲ. ಇಬ್ಬರು ಗಂಡಸರು ಟಾಂಟಿಯ ಅಡುಗೆಮನೆಯಿಂದ ಆಯಿಲ್ ಡೌನಿನ ಪಾತ್ರೆಯನ್ನೇ ಹೊತ್ತು ತಂದರು. ಆಗ ನಾನೂ ಆ ಮನೆಯೊಳಗೆ ಇಣುಕಿದೆ. ಗೋಡೆಗೆ ಹಸಿರು ಬಣ್ಣ ಹೊಸದಾಗಿ ಹಚ್ಚಿತ್ತು. ಮೇಜಿನ ಮೇಲೆ ಐದು ತಟ್ಟೆ, ಮಂಚದ ಮೇಲೆ ಮಡಿಕೆ ಬಿಚ್ಚದ ಚಾದರ, ಮಕ್ಕಳಿಗೆ ಮೂರು ಕಾಗದದ ಪೊಟ್ಟಣ.

ಡೆಲ್ಫಿನಾ ಹಾಗೆ ಬಸ್ಸು ಓಡಿಸಿದ್ದನ್ನು ನಾನು ಹಿಂದೆಂದೂ ನೋಡಿಲ್ಲ. ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆ ನಿಲ್ಲಿಸಲಿಲ್ಲ. ಎರಡೂ ಮೂವತ್ತೈದಕ್ಕೆ ನಿಲ್ದಾಣ ಸೇರಿದೆವು. ಮಾರ್ವಾ ಹಡಗುಕಟ್ಟೆಯ ಗೋಡೆಯ ಪಕ್ಕ, ಒಂದು ಅಂಗೈಯಗಲ ನೆರಳಿನಲ್ಲಿ ಕೂತಿದ್ದಳು. ಐದು ಗಂಟೆಗಳಿಂದ! ನಡುವೆ ಎರಡು ಸಲ ನಿಲ್ದಾಣಕ್ಕೆ ಬಂದು ಹೋಗಿದ್ದರೂ ನಾವು ಆ ಕಡೆ ನೋಡಿರಲಿಲ್ಲ. ನಮ್ಮ ನಂತರ ಇನ್ನೂ ಮೂರು ಐದನೇ ನಂಬರ್ ಬಸ್ಸಿಗೆ ಹತ್ತಲು ಹೋಗಿ, ಎಲ್ಲರಿಂದಲೂ ಅದೇ ಮಾತು ಕೇಳಿಸಿಕೊಂಡಿದ್ದಳು. ಟ್ಯಾಕ್ಸಿಗೆ ಕಾರ್ಲಿಸ್ ನೂರಿಪ್ಪತ್ತು ಅಮೆರಿಕನ್ ಡಾಲರ್ ಹೇಳಿದ್ದ, ಅವಳ ಹತ್ತಿರ ಐವತ್ತೂ ಇರಲಿಲ್ಲ. ಅಮ್ಮನೇ ಬಂದರೂ ಬಂದಾಳು ಎಂದು ಕಾದಿದ್ದಳು.

ತಾಯಿ ಮಗಳು ಹೇಗೆ ಅತ್ತರು ಎಂದು ನಾನು ವರ್ಣಿಸುವುದಿಲ್ಲ, ಅದು ಅವರದು. ಟಾಂಟಿ ಮಾಡಿದ ಮೊದಲ ಕೆಲಸ ಮಾತ್ರ ಹೇಳುತ್ತೇನೆ. ಮಗಳ ಕೊರಳಿನ ಆ ಚೀಟಿ ಹಿಡಿದು ಅವಳ ಬೆನ್ನ ಮೇಲಕ್ಕೆ ತಿರುಗಿಸಿ ಹಾಕಿದರು.

ನಾನು ಮಾರ್ವಾಳ ಹತ್ತಿರ ಹೋಗಿ, ಊರಿನವಳು ಎಂದು ಒಂದು ಮಾತು ಹೇಳಬಾರದಿತ್ತೇ ತಂಗಿ ಅಂದೆ. ಬಸ್ಸಿನೊಳಗೆ ಕಾಲಿಟ್ಟಾಗ ಜನರ ಮಾತಿನ ಧಾಟಿ ಕಿವಿಗೆ ಬಿತ್ತು, ಬಾಯಿ ತೆರೆದರೆ ಅಳುವೇ ಬರುತ್ತಿತ್ತು ಎಂದಳು. ಆಮೇಲೆ ನನ್ನ ಮುಖ ನೋಡಿಯೇ ಕೇಳಿದಳು, “ನನ್ನೂರಲ್ಲಿ ನಾನು ಯಾರು ಅಂತ ನಾನೇ ಹೇಳ್ಬೇಕಾ ಅಣ್ಣ?” ಬೇರೆಯವರೂ ಈಗ ಅದನ್ನೇ ಅನ್ನುತ್ತಾರೆ, ಅವಳೇ ಹೇಳಬಹುದಿತ್ತಲ್ಲ ಎಂದು. ಯಾಕೆ ಹೇಳಬೇಕು? ಮೂರು ಸಾವಿರ ಅಪರಿಚಿತರಿಗೆ ಬಾಗಿಲು ತೆರೆದು, ಸ್ಟೀಲ್ ಬ್ಯಾಂಡ್ ಬಾರಿಸಿ ಸ್ವಾಗತ ಮಾಡುವ ಊರಿಗೆ ತನ್ನ ಮಗಳೊಬ್ಬಳ ಗುರುತು ಸಿಗಲಿಲ್ಲ ಅಂದರೆ ತಪ್ಪು ಯಾರದು?

ಬಿಸಿಲಿಗೆ ಮುದುಕಿಯನ್ನು ಎಲ್ಲಿ ಕೂರಿಸುವುದು? ಗೇಟಿನೊಳಗೆ ಚೀಟಿಯಿಲ್ಲದವರನ್ನು ಬಿಡುವುದಿಲ್ಲ. ಡೆಲ್ಫಿನಾ ಬಸ್ಸಿನ ಬಾಗಿಲು ತಾನೇ ತೆರೆದಳು. “ಒಳಗೆ ಕೂತು ಉಣ್ಣಿ” ಅಂದಳು. ನಾನು ಅವಳ ತೋಳು ಹಿಡಿದು ಕಾರ್ಲಿಸ್ ನಿಂತಿರುವುದನ್ನು ಕಣ್ಣಲ್ಲೇ ತೋರಿಸಿದೆ. ಅವಳು ತೋಳು ಕೊಡವಿಕೊಂಡು ಪರದೆಗಳನ್ನು ಎಳೆದಳು. ಟಾಂಟಿ ಸೀಟಿನ ಮೇಲೆ ಪಾತ್ರೆ ಇಟ್ಟುಕೊಂಡು ಮೊಮ್ಮಕ್ಕಳಿಗೆ ತುತ್ತು ಕೊಟ್ಟರು. ಅರ್ಧ ಪಾತ್ರೆ ಮುಗಿಯುವಷ್ಟರಲ್ಲಿ ಕಮಿಟಿಯ ಇನ್‌ಸ್ಪೆಕ್ಟರ್ ಬಂದ, ಅವನ ಹಿಂದೆ ಕಾರ್ಲಿಸ್. ಬಸ್ಸಿನೊಳಗೆ ನಾಲ್ಕು ಹಡಗಿನ ಚೀಟಿ ಇವೆ, ಅವರನ್ನು ಈಗಲೇ ಇಳಿಸು ಎಂದು ಇನ್‌ಸ್ಪೆಕ್ಟರ್ ಅಂದ. ಬಸ್ಸು ಓಡುತ್ತಿಲ್ಲ ಸ್ವಾಮಿ, ನಿಂತಿದೆ ಎಂದು ನಾನು ಬೇಡಿಕೊಂಡೆ. ಕಾಗದದಲ್ಲಿ ಓಡುವ ಬಸ್ಸು, ನಿಂತ ಬಸ್ಸು ಎಂದು ಬೇರೆ ಬೇರೆ ಬರೆದಿಲ್ಲ ಎಂದ. ಆಗ ಡೆಲ್ಫಿನಾ ಬಾಗಿಲಿಗೆ ಅಡ್ಡ ನಿಂತಳು.

“ನನ್ನ ಹೆಸರು ಬರ್ಕೋ, ಬಸ್ಸಿನ ನಂಬರೂ ಬರ್ಕೋ. ಇಳಿಸು ಅಂತ ಮಾತ್ರ ಹೇಳ್ಬೇಡ. ಇವತ್ತು ಒಂದ್ಸಲ ಇಳಿಸಿದೀನಿ, ಸಾಕು.”

ಬರೆದುಕೊಂಡ. ಮುಂದಿನ ವಾರ ಕಮಿಟಿ ಅವಳ ಪರ್ಮಿಟ್ಟು ಕಿತ್ತುಕೊಂಡಿತು. ಅಲ್ಲಿ ಅವಳು ಒಂದು ಮಾತೂ ವಾದ ಮಾಡಲಿಲ್ಲ, ನಾನು ಕೂಗಾಡಿ ಹೊರಗೆ ಹಾಕಿಸಿಕೊಂಡೆ. ಕಮಿಟಿಯಲ್ಲಿ ಕೂತ ಐವರಲ್ಲಿ ನಾಲ್ವರಿಗೆ ಹೊರದೇಶದಲ್ಲಿ ಮಕ್ಕಳಿದ್ದಾರೆ. ನಾಳೆ ಅವರ ಮಕ್ಕಳೂ ಹೀಗೆ ಅಗ್ಗದ ಹಡಗು ಹಿಡಿದು ಬಂದರೆ ಏನು ಮಾಡುತ್ತಾರಂತೆ? ನಾನು ಕೂಗಾಡಿದ್ದು ಇದನ್ನೇ. ಮರಗಳು ಮತ್ತೆ ಬೆಳೆದು ಕಾಯಿ ಬಿಡುತ್ತಿವೆ, ಡೆಲ್ಫಿನಾ ಈಗ ಮತ್ತೆ ಮಂಡಿಯಲ್ಲಿ ಜಾಯಿಕಾಯಿ ಆರಿಸುತ್ತಾಳೆ. ಹಳದಿ ಬಸ್ಸು ಅವಳ ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿದೆ.

ಆ ದಿನ ಮೂರೂ ಇಪ್ಪತ್ತಕ್ಕೆ ಹಡಗು ಕೂಗಿತು. ಮಾರ್ವಾ ಅಮ್ಮನನ್ನು ಬಿಡಿಸಿಕೊಂಡು ಮೊದಲು ಇಳಿದಳು, ಹುಡುಗರು ಅಜ್ಜಿಗೆ ಮುತ್ತು ಕೊಟ್ಟು ಇಳಿದರು. ಚಿಕ್ಕವಳು ಕಾಯ್ಲಾ ಮಾತ್ರ ಗೊಂಬೆ ಹಿಡಿದುಕೊಂಡು ಒಳಗೇ ನಿಂತಿದ್ದಳು. ಅಜ್ಜಿಯ ಮನೆಗೆ ಹೋಗುತ್ತಿದ್ದೇವೆ ಎಂದು ಹೇಳಿ ಅವಳನ್ನು ಬೆಳಿಗ್ಗೆ ಎಬ್ಬಿಸಿದ್ದರಂತೆ. ಅವಳು ಹೂವಿನ ಪರದೆ ನೋಡಿದಳು, ಸೀಟುಗಳನ್ನು ನೋಡಿದಳು, ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತ ಡೆಲ್ಫಿನಾಳನ್ನು ನೋಡಿದಳು.

“ಅಜ್ಜಿ, ನಿಮ್ಮನೆ ಚೆನ್ನಾಗಿದೆ” ಅಂದಳು. “ಆದ್ರೆ ನೀನು ಮಲಗೋದೆಲ್ಲಿ?”

ಟಾಂಟಿ ಯುಲಾಲಿ ಹಿಂದಿನ ಉದ್ದ ಸೀಟಿನ ಕಡೆ ಕೈ ತೋರಿಸಿದರು.

“ಅಲ್ಲಿ ಮಗಾ. ಮುಂದಿನ ಸಲ ಬಂದಾಗ ನಿಂಗೂ ಜಾಗ ಮಾಡ್ತೀನಿ.”